ಹೋದ ಹಲ್ಲಿನ ಜಾಗಕ್ಕೆ ಕೃತಕ ಬೇರು: ಯಾರಿಗೆ, ಯಾವಾಗ?



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯ ಮಾತು ಮಾತ್ರವಲ್ಲ. ದುಡಿಯುವ ದಂಪತಿಗಳು ಉಂಡ ಅನ್ನ ಅವರ ಮೈಗೆ ಹತ್ತುವಂತೆ ನೋಡಿಕೊಳ್ಳುವುದೂ ಅದರ ಭಾಗವೇ. ಅಗಿಯುವ ಹಲ್ಲು ಹೋದವರು ಮೊದಲು ಬಿಡುವುದು ಜೋಳದ ರೊಟ್ಟಿ, ಶೇಂಗಾ, ಕಾಳು ಮತ್ತು ಹಸಿ ತರಕಾರಿಗಳನ್ನು. ಅಂದರೆ ಶಕ್ತಿ ಕೊಡುವ ಆಹಾರವನ್ನೇ.

ಸಿರುಗುಪ್ಪ, ಕುರುಗೋಡು ಕಡೆಯಿಂದ ಬಳ್ಳಾರಿಗೆ ಬಂದವರು ಪಾರ್ವತಿನಗರದಂತಹ ಬಡಾವಣೆಗಳ ದಂತ ಚಿಕಿತ್ಸಾಲಯಗಳಲ್ಲಿ ‘ಇಂಪ್ಲಾಂಟ್’ ಎಂಬ ಮಾತನ್ನು ಕೇಳುತ್ತಾರೆ. ಅದು ತಮಗೂ ಬೇಕೇ ಎಂಬ ಪ್ರಶ್ನೆ ಸಹಜವಾದುದು.

ಇಂಪ್ಲಾಂಟ್ ಎಂದರೆ ಟೈಟಾನಿಯಂ ಲೋಹದ ಒಂದು ಸಣ್ಣ ತಿರುಪು. ಅದನ್ನು ದವಡೆಯ ಮೂಳೆಯೊಳಗೆ ಕೂರಿಸಿ, ಅದರ ಮೇಲೆ ಹಲ್ಲಿನಾಕಾರದ ಕವಚವನ್ನು ತೊಡಿಸುತ್ತಾರೆ. ಟೈಟಾನಿಯಂ ಜೀವಂತ ಮೂಳೆಯೊಡನೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯವಿಜ್ಞಾನಿ ಮೊಲದ ಮೂಳೆಯಲ್ಲಿ ಗುರುತಿಸಿದರು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಅದನ್ನು ಅಳವಡಿಸಿದರು. ನಾಟಿ ಮಾಡಿದ ಸಸಿ ಬೇರು ಹಿಡಿಯಲು ಕಾಲ ಬೇಕಾಗುವಂತೆ, ಮೂಳೆಯು ಈ ತಿರುಪನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು.

ಮೊದಲು ತಿಳಿಯಬೇಕಾದದ್ದು ಇದು: ಇರುವ ಹಲ್ಲಿಗೆ ಸಮನಾದ ಹಲ್ಲು ಇನ್ನೊಂದಿಲ್ಲ. ಹುಳುಕು ಬಿದ್ದ ಹಲ್ಲನ್ನು ತುಂಬಿಸಬಹುದು. ಆಳಕ್ಕೆ ಹೋಗಿದ್ದರೆ ಬೇರುನಾಳ ಚಿಕಿತ್ಸೆ ಮಾಡಿಸಿ ಕವಚ ಹಾಕಿಸಬಹುದು. ನೀರಿನ ಫ್ಲೋರೈಡಿನಿಂದ ಕಲೆಗಟ್ಟಿದ ಹಲ್ಲನ್ನು ಆ ಕಲೆಗಾಗಿ ಕೀಳಿಸಬೇಕಾಗಿಲ್ಲ. ‘ಇದನ್ನು ಉಳಿಸಲು ಸಾಧ್ಯವೇ?’ ಎಂದು ವೈದ್ಯರನ್ನು ಕೇಳಿದ ನಂತರವೇ ಕೀಳಿಸಲು ಒಪ್ಪಿರಿ.

ಉಳಿಸಲಾಗದೆ ಹೋದ ಹಲ್ಲಿನ ಜಾಗವನ್ನು ವರ್ಷಗಟ್ಟಲೆ ಖಾಲಿ ಬಿಡುವುದೂ ಒಳ್ಳೆಯದಲ್ಲ. ಪಕ್ಕದ ಹಲ್ಲುಗಳು ಆ ಕಡೆಗೆ ವಾಲಬಹುದು, ಎದುರಿನ ಹಲ್ಲು ಇಳಿಯಬಹುದು ಅಥವಾ ಮೇಲೇರಬಹುದು, ದವಡೆಯ ಮೂಳೆ ಸವೆಯುತ್ತದೆ. ಮೂಳೆ ಬಹಳ ಸವೆದ ಮೇಲೆ ಇಂಪ್ಲಾಂಟ್ ಕೂರಿಸುವುದು ಕಷ್ಟ. ಆದ್ದರಿಂದ ಹಲ್ಲು ಹೋದ ಕೆಲವು ತಿಂಗಳೊಳಗೆ ಸಲಹೆ ಪಡೆಯುವುದು ಲೇಸು. ಆದರೆ ಬುದ್ಧಿಹಲ್ಲು ಹೋದರೆ ಸಾಮಾನ್ಯವಾಗಿ ಮತ್ತೊಂದನ್ನು ಹಾಕಿಸುವ ಅಗತ್ಯವಿಲ್ಲ.

ದಾರಿಗಳು ಮೂರು. ತೆಗೆದು ಹಾಕುವ ಹಲ್ಲುಸೆಟ್ಟು ಕಡಿಮೆ ಖರ್ಚಿನದು. ಅಕ್ಕಪಕ್ಕದ ಹಲ್ಲುಗಳನ್ನು ಅರೆದು ಕೂರಿಸುವ ‘ಬ್ರಿಡ್ಜ್’ ಎರಡನೆಯದು. ಪಕ್ಕದ ಹಲ್ಲುಗಳು ಗಟ್ಟಿಯಾಗಿದ್ದು ಅವುಗಳನ್ನು ಅರೆಯಿಸಲು ಮನಸ್ಸಿಲ್ಲದಿದ್ದರೆ, ಅಥವಾ ಹಲ್ಲುಸೆಟ್ಟು ದವಡೆಯಲ್ಲಿ ನಿಲ್ಲದಿದ್ದರೆ, ಇಂಪ್ಲಾಂಟನ್ನು ಆಲೋಚಿಸಬಹುದು. ಅದು ದುಬಾರಿ. ಎತ್ತು ಮಾರಿ, ಸಾಲ ಮಾಡಿ ಅವಸರಪಡಬೇಡಿರಿ. ಚೆನ್ನಾಗಿ ಹೊಂದುವ ಹಲ್ಲುಸೆಟ್ಟಿನಿಂದಲೂ ಊಟ ಸಾಗುತ್ತದೆ.

ಕೆಲವರು ಕಾಯಬೇಕು. ದವಡೆಯ ಬೆಳವಣಿಗೆ ಮುಗಿಯದ ಮಕ್ಕಳಿಗೆ, ಅಂದರೆ ಸುಮಾರು 18 ವರ್ಷ ತುಂಬುವವರೆಗೆ, ಇದು ತಕ್ಕುದಲ್ಲ. ಸಕ್ಕರೆ ಕಾಯಿಲೆಯವರು ಅದನ್ನು ಹತೋಟಿಗೆ ತರಬೇಕು. ವಸಡಿನ ರೋಗವಿದ್ದರೆ ಮೊದಲು ಅದು ವಾಸಿಯಾಗಬೇಕು. ಬೀಡಿ, ತಂಬಾಕು, ಗುಟ್ಕಾ ಬಿಡದಿದ್ದರೆ ಗಾಯ ಮಾಯುವುದು ನಿಧಾನವಾಗಿ, ಕೂರಿಸಿದ ತಿರುಪು ಸಡಿಲವಾಗುವ ಭಯವಿದೆ. ರಕ್ತ ತಿಳಿಯಾಗಿಸುವ ಅಥವಾ ಮೂಳೆ ಸವೆತದ ಔಷಧಿ ಸೇವಿಸುವವರು ಅದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.

ತಾಯಂದಿರಿಗೆ ಒಂದು ಮಾತು. ‘ಹೆರಿಗೆಗೊಂದು ಹಲ್ಲು ಹೋಗುವುದೇ’ ಎಂಬ ನಂಬಿಕೆ ಸುಳ್ಳು. ಗರ್ಭದ ಶಿಶುವು ತಾಯಿಯ ಹಲ್ಲಿನ ಸುಣ್ಣವನ್ನು ಹೀರುವುದಿಲ್ಲ. ಆ ದಿನಗಳಲ್ಲಿ ವಸಡು ಬೇಗ ಊದುತ್ತದೆ; ವಾಂತಿಯ ಹುಳಿ ಹಲ್ಲನ್ನು ಸವೆಸುತ್ತದೆ. ಇಂಪ್ಲಾಂಟನ್ನು ಹೆರಿಗೆಯ ನಂತರಕ್ಕೆ ಮುಂದೂಡಿರಿ. ಆದರೆ ಹಲ್ಲುನೋವು, ಕೀವು, ಬಾವುಗಳ ಚಿಕಿತ್ಸೆಯನ್ನು ಮುಂದೂಡಬೇಡಿರಿ. ಗರ್ಭಿಣಿಯೆಂದು ತಿಳಿಸಿದರೆ ವೈದ್ಯರು ಸುರಕ್ಷಿತವಾಗಿ ಮಾಡುತ್ತಾರೆ. ಗಂಡಂದಿರೇ, ಹೆಂಡತಿ ಒಂದೇ ಕಡೆ ಅಗಿಯುವುದನ್ನು, ರೊಟ್ಟಿಯನ್ನು ನೆನೆಸಿ ತಿನ್ನುವುದನ್ನು ಕಂಡರೆ ಸುಗ್ಗಿ ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲು ಸಮೀಪದ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಇದೆ. ಬಡ ಕುಟುಂಬಗಳ ಹಿರಿಯರಿಗೆ ಉಚಿತ ದಂತಪಂಕ್ತಿ ಒದಗಿಸಲೆಂದು ರಾಜ್ಯ ಸರ್ಕಾರ ರೂಪಿಸಿದ ‘ದಂತಭಾಗ್ಯ’ ಯೋಜನೆಯ ಬಗೆಗೂ ಅಲ್ಲಿ ಕೇಳಿರಿ. ಖಾಸಗಿ ವೈದ್ಯರಲ್ಲಿ ಒಟ್ಟು ಖರ್ಚು, ಹಿಡಿಯುವ ಕಾಲ, ಬರಬೇಕಾದ ದಿನಗಳನ್ನು ಮೊದಲೇ ಬರೆಯಿಸಿಕೊಳ್ಳಿರಿ. ಎಕ್ಸ್‌-ರೇ ತೆಗೆಸಿ ಮೂಳೆ ನೋಡದೆ ಯಾರೂ ಇಂಪ್ಲಾಂಟ್ ನಿರ್ಧರಿಸಬಾರದು.

ಲೋಹದ ಬೇರಿಗೆ ಹುಳುಕು ಹತ್ತದು. ಆದರೆ ಅದರ ಸುತ್ತಲಿನ ವಸಡು ಕೆಟ್ಟರೆ ಅದೂ ಉದುರುತ್ತದೆ. ಹಲ್ಲು ಯಾವುದೇ ಇರಲಿ, ದಿನಕ್ಕೆರಡು ಬಾರಿ ಉಜ್ಜುವುದು ತಪ್ಪಬಾರದು. ಉಳಿಸಬಲ್ಲ ಹಲ್ಲನ್ನು ಉಳಿಸಿರಿ, ಹೋದದ್ದರ ಜಾಗಕ್ಕೆ ಏನು ಬೇಕೆಂಬುದನ್ನು ಗಂಡ ಹೆಂಡಿರಿಬ್ಬರೂ ಕೂಡಿ, ವೈದ್ಯರನ್ನು ಕೇಳಿ ತೀರ್ಮಾನಿಸಿರಿ.