ಸಾಯಂಕಾಲದ ವಿದ್ಯಾಪೋಷಣೆಯೂ ಗೃಹಸ್ಥರ ಸಹಕಾರವೂ



ಮಠದ ಮಹೋತ್ಸವದಲ್ಲಿ ಅನ್ನದಾಸೋಹ, ಜ್ಞಾನದಾಸೋಹಗಳ ಸ್ಮರಣೆಯಾಗುವುದು ಸಹಜವೇ ಸರಿ. ಆದರೆ ವಿದ್ಯಾದಾನದ ಒಂದು ಭಾಗವು ಅನೇಕರ ಲಕ್ಷ್ಯಕ್ಕೆ ಬಾರದೆ ಉಳಿದಿದೆ. ಶಾಲೆಯ ಕಡೆಯ ಗಂಟೆಯಾದ ಬಳಿಕ ಮಗುವು ನಿದ್ರೆಹೋಗುವವರೆಗಿನ ನಾಲ್ಕೈದು ತಾಸುಗಳೇ ಆ ಭಾಗವು. ಹಗಲಲ್ಲಿ ಕಲಿತ ಪಾಠವು ಬೇರೂರುವುದೂ ಒಣಗಿಹೋಗುವುದೂ ಬಹುಮಟ್ಟಿಗೆ ಈ ಹೊತ್ತಿನಲ್ಲಿಯೇ. ಓದುಬಲ್ಲ ತಾಯ್ತಂದೆಗಳ ಮನೆಯಲ್ಲಿ ಮಗುವಿಗೆ ಆಸರೆಯುಂಟು. ದುಡಿದು ದಣಿದು ಬರುವ, ಅಕ್ಷರವರಿಯದ ತಾಯ್ತಂದೆಗಳ ಮಗುವಿಗೆ ಆ ಆಸರೆಯನ್ನು ಊರೇ ಒದಗಿಸಬೇಕು.

ಈ ಹೊಣೆಯು ಕನ್ನಡ ನಾಡಿಗೆ ಹೊಸತಲ್ಲ. ಹಿಂದೆ ಬಡ ವಿದ್ಯಾರ್ಥಿಯು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿಯಿತ್ತು. ಅದರಲ್ಲಿ ಪರಾಧೀನತೆಯ ನೋವೂ ಜಾತಿಯ ಕಟ್ಟುಪಾಡೂ ಇದ್ದುದು ನಿಜ. ಆದರೂ ಹುಡುಗನು ಉಂಡನೇ, ಓದಿದನೇ ಎಂದು ಕೇಳುವ ಏಳು ಮನೆಗಳಿದ್ದವು. ಅನಂತರ ಧರ್ಮಿಷ್ಠರೂ ಮಠಗಳೂ ವಿದ್ಯಾರ್ಥಿನಿಲಯಗಳನ್ನು ಕಟ್ಟಿದರು. ಬೆಂಗಳೂರಿನ ರೈಲ್ವೆ ನಿಲ್ದಾಣದ ಸಮೀಪದಲ್ಲಿ 1903ರಲ್ಲಿ ಛತ್ರವನ್ನು ಕಟ್ಟಿಸಿದ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆಯಿಂದ ವಿದ್ಯಾರ್ಥಿಗಳಿಗೂ ವಸತಿಯು ದೊರೆಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟುದು ಲೋಕವಿದಿತವೇ ಆಗಿದೆ.

ಆದರೆ ಮಕ್ಕಳೆಲ್ಲರೂ ನಿಲಯಗಳಿಗೆ ಬರಲಾರರು. ಬಹುಸಂಖ್ಯಾತರು ತಮ್ಮ ಮನೆಗಳಲ್ಲಿಯೇ ಇದ್ದು ಊರ ಶಾಲೆಗೆ ಹೋಗತಕ್ಕವರು. ಅವರಿಗಾಗಿ ಸರಕಾರವೂ ಬಹಳಷ್ಟನ್ನು ಮಾಡಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸಿತು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾದ ಮಧ್ಯಾಹ್ನದ ಊಟದ ಯೋಜನೆಗೆ ಅಕ್ಷರ ದಾಸೋಹವೆಂಬ ಹೆಸರೇ ಬಂದಿತು. 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಿಂದ ಮಕ್ಕಳು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಶುಲ್ಕವಿಲ್ಲದೆ ಸದಸ್ಯರಾಗುವಂತಾಯಿತು. ಅದೇ ವರ್ಷ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ವಿದ್ಯಾಗಮವೆಂಬ ಯೋಜನೆಯಂತೆ ಉಪಾಧ್ಯಾಯರು ಮಕ್ಕಳಿದ್ದೆಡೆಗೇ ಹೋಗಿ, ದೇವಾಲಯದ ಅಂಗಳದಲ್ಲಿಯೂ ಸಮುದಾಯ ಭವನದಲ್ಲಿಯೂ ಮರದ ನೆರಳಿನಲ್ಲಿಯೂ ಪಾಠ ಹೇಳಿದರು. ರೋಗಭೀತಿಯಿಂದ ಅದು ಕೆಲವೇ ತಿಂಗಳುಗಳಲ್ಲಿ ನಿಂತಿತಾದರೂ ಶಾಲೆಯ ಗೋಡೆಯ ಹೊರಗೆ ಊರೂ ಉಪಾಧ್ಯಾಯರೂ ಕೂಡಿ ಕಲಿಸಬಲ್ಲರೆಂಬುದನ್ನು ತೋರಿಸಿತು.

ಹೀಗಿರಲು, ಸಾಯಂಕಾಲದ ಪಾಠದ ಕೇಂದ್ರಗಳು ಉತ್ಸಾಹದಿಂದ ಆರಂಭವಾಗಿ ಬೇಗನೆ ಬರಿದಾಗುವುದೇಕೆ? ಜಾಗವಿರುತ್ತದೆ, ದೀಪವಿರುತ್ತದೆ, ಕಲಿಸಲು ಒಬ್ಬ ತರುಣನೂ ಇರುತ್ತಾನೆ. ಮೊದಲ ತಿಂಗಳು ತುಂಬಿದ ಚಾಪೆಯು ಮೂರನೆಯ ತಿಂಗಳಿಗೆ ಅರ್ಧವಾಗುತ್ತದೆ. ವಿಚಾರಿಸಿ ನೋಡಿದರೆ ಕಾರಣಗಳು ಮನೆಯಲ್ಲಿವೆ. ಹುಡುಗನು ಅದೇ ಹೊತ್ತಿಗೆ ಡೈರಿಗೆ ಹಾಲು ಹಾಕಿಬರಬೇಕು. ತಾಯಿಯು ಹೊಲದಿಂದ ಬರುವ ತನಕ ಹುಡುಗಿಯು ತಮ್ಮನನ್ನು ಆಡಿಸಬೇಕು. ಕತ್ತಲಾದ ಮೇಲೆ ಅವಳು ಒಬ್ಬಳೇ ಬರುವುದು ತಂದೆಗೆ ಒಪ್ಪಿಗೆಯಿಲ್ಲ. ಇತ್ತ ಶಾಲೆಯಲ್ಲಿ ಭಾಗಾಕಾರವು ನಡೆಯುತ್ತಿರಲು ಕೇಂದ್ರದಲ್ಲಿ ಬೇರೊಂದು ಲೆಕ್ಕವು ನಡೆಯುತ್ತಿರುತ್ತದೆ. ವಿದ್ಯೆಯಲ್ಲಿ ಆಸಕ್ತಿಯಿಲ್ಲವೆಂದು ಮಕ್ಕಳನ್ನೂ ತಾಯ್ತಂದೆಗಳನ್ನೂ ದೂಷಿಸುವುದು ಸುಲಭ. ಅಲ್ಲಿ ಕೊರತೆಯಾದುದು ಮನೆ, ಶಾಲೆ, ಕೇಂದ್ರ ಈ ಮೂರಕ್ಕೂ ಹೊಂದಿಕೆಯನ್ನು ತರತಕ್ಕ ಒಬ್ಬ ವ್ಯಕ್ತಿ.

ಆದಕಾರಣ ಪ್ರತಿಯೊಂದು ಕೇಂದ್ರಕ್ಕೂ ಒಬ್ಬ ಸಂಚಾಲಕನೋ ಸಂಚಾಲಕಿಯೋ ಅವಶ್ಯವಾಗಿ ಬೇಕು. ಆ ವ್ಯಕ್ತಿಯ ಮೊದಲ ಕೆಲಸವು ಮನೆಮನೆಗೂ ಹೋಗುವುದು. ಹಾಲಿನ ಹೊತ್ತು, ಅಡಿಗೆಯ ಹೊತ್ತು, ಕೂಲಿಯಿಂದ ಮರಳುವ ಹೊತ್ತು ಇವನ್ನು ಕೇಳಿ ತಿಳಿದು, ತರುವಾಯವೇ ಪಾಠದ ವೇಳೆಯನ್ನು ಗೊತ್ತುಮಾಡುವುದು. ಚಿಕ್ಕ ತಮ್ಮ ತಂಗಿಯರನ್ನೂ ಕರೆತರಲು ಅವಕಾಶವಿರಬೇಕು. ಅವರಿಗಾಗಿ ಒಂದು ಮೂಲೆಯೂ ನಾಲ್ಕು ಆಟದ ಸಾಮಾನುಗಳೂ ಸಾಕು. ಹುಡುಗಿಯರು ಓಣಿಯೋಣಿಯಾಗಿ ಗುಂಪುಗೂಡಿ ಮರಳುವಂತೆಯೂ, ದಿನಕ್ಕೊಬ್ಬರಂತೆ ಹಿರಿಯರು ಜೊತೆಯಲ್ಲಿ ಹೋಗುವಂತೆಯೂ ಏರ್ಪಾಟಾಗಬೇಕು. ಪ್ರತಿ ಮಗುವಿಗೂ ಶಾಲೆ ಮತ್ತು ಕೇಂದ್ರಗಳ ನಡುವೆ ಓಡಾಡುವ ಒಂದು ಪುಸ್ತಕವಿದ್ದರೆ, ಎಲ್ಲಿ ತೊಡಕಾಯಿತೆಂಬುದನ್ನು ಉಪಾಧ್ಯಾಯರು ಒಂದು ಸಾಲಿನಲ್ಲಿ ಬರೆದು ಕಳುಹಿಸಬಹುದು. ಹಸಿದ ಹೊಟ್ಟೆಗೆ ಪಾಠವು ಹತ್ತದು. ಹಿಡಿ ಮಂಡಕ್ಕಿಯೋ ಬೇಯಿಸಿದ ಕಾಳೋ ದೊರೆಯಬೇಕು. ತಿಂಗಳಿಗೊಮ್ಮೆ ತಾಯ್ತಂದೆಗಳ ಕೂಟವು ನಡೆಯಬೇಕು. ಸೋಮವಾರ ಎತ್ತುಗಳ ಹೆಗಲಿಗೆ ನೊಗವಿಡದ ವಾಡಿಕೆಯಿರುವ ಗ್ರಾಮಗಳಲ್ಲಿ ಆ ದಿನವೇ ಅದಕ್ಕೆ ಯೋಗ್ಯವಾದುದು. ಆ ಕೂಟದಲ್ಲಿ ದೂರುಗಳಿಗಿಂತ ಮೊದಲು ಮಗುವು ಕಲಿತುದನ್ನು ಮಗುವಿನ ಬಾಯಿಂದಲೇ ಕೇಳಿಸಬೇಕು. ಓದಲರಿಯದ ತಾಯಿಗೆ ಮಗಳು ಓದಿ ಹೇಳುವುದನ್ನು ಕೇಳುವುದಕ್ಕಿಂತ ಹೆಚ್ಚಿನ ಪ್ರೋತ್ಸಾಹವುಂಟೇ?

ಈ ಕೇಂದ್ರವು ಎರಡನೆಯ ಶಾಲೆಯಾಗಬಾರದೆಂಬ ಎಚ್ಚರವೂ ಇರಲಿ. ದಣಿದ ಮಗುವಿಗೆ ಆಟವೂ ಹಾಡೂ ಕಥೆಯೂ ಬೇಕು. ಜಾತಿ, ಮತ, ಲಿಂಗಗಳ ಭೇದವು ಅದರ ಹೊಸ್ತಿಲನ್ನು ದಾಟಕೂಡದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಾನಾ ಕಾಯಕಗಳ ಶರಣರೂ ಶರಣೆಯರೂ ಅನುಭವ ಮಂಟಪದಲ್ಲಿ ಸಮಾನರಾಗಿ ಕೂಡುತ್ತಿದ್ದರೆಂದು ಪರಂಪರೆಯು ಹೇಳುತ್ತದೆ. ಕುಂಬಾರನ ಮಗನೂ ಗೌಡನ ಮಗಳೂ ಒಂದೇ ಚಾಪೆಯಲ್ಲಿ ಕುಳಿತು ಓದುವ ಸಾಯಂಕಾಲವು ಆ ಪರಂಪರೆಗೆ ತಕ್ಕುದಾಗಿದೆ.

ಕಡೆಯದಾಗಿ ದಾನಿಗಳಲ್ಲಿ ಒಂದು ಬಿನ್ನಹ. ಕಟ್ಟಡಕ್ಕೆ ಕೊಟ್ಟವರ ಹೆಸರು ಕಲ್ಲಿನಲ್ಲಿ ಕೆತ್ತಲ್ಪಡುತ್ತದೆ. ಸಂಚಾಲಕರ ಸಂಬಳಕ್ಕೆ ಕೊಟ್ಟವರ ಹೆಸರು ಎಲ್ಲಿಯೂ ಕಾಣದು. ಅದಕ್ಕಾಗಿಯೇ ಕಟ್ಟಡಗಳು ಏಳುತ್ತವೆ, ಸಾಯಂಕಾಲ ಅವುಗಳಿಗೆ ಬೀಗ ಬೀಳುತ್ತದೆ. ದಾಸೋಹವೆಂದರೆ ಕೊಟ್ಟವನೆಂಬ ಭಾವವನ್ನು ಬಿಟ್ಟು ಕೊಡುವುದಾದ ಪಕ್ಷದಲ್ಲಿ, ಹೆಸರು ಉಳಿಯದ ಈ ದಾನವೇ ಅದಕ್ಕೆ ಹತ್ತಿರವಾದುದು. ಒಂದು ಕೊಠಡಿಯನ್ನು ಕಡಿಮೆ ಕಟ್ಟಿಸಿ ಆ ಹಣವನ್ನು ನಿಧಿಯಾಗಿಟ್ಟು, ಅದರ ಬಡ್ಡಿಯಿಂದ ಒಬ್ಬ ಯೋಗ್ಯ ಸಂಚಾಲಕನನ್ನು ಇರಿಸಿಕೊಳ್ಳುವ ನಿಶ್ಚಯವನ್ನು ಭಕ್ತಸಮೂಹವು ಮಾಡುವುದಾದರೆ, ಮಹೋತ್ಸವದ ದೀಪಗಳು ಆರಿದ ಮೇಲೆಯೂ ಮಕ್ಕಳ ಮುಂದಿನ ದೀಪವು ಉರಿಯುತ್ತಿರುವುದು. ಪರಶಿವನು ಅಂತಹ ಸದ್ಬುದ್ಧಿಯನ್ನೂ ಶಕ್ತಿಯನ್ನೂ ಸರ್ವರಿಗೂ ಕರುಣಿಸಲಿ.