ಕೊಳ್ಳದೆ ನೋಡಿದ ಅಂಗಡಿಗಳು



ನಮ್ಮ ಭಾಗದ ಹಳೆಯ ಪೇಟೆಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ವ್ಯಾಪಾರದ ಇತಿಹಾಸ ಬಲ್ಲ ಪಂಡಿತ ನಾನಲ್ಲ. ಆದರೆ ಕೈಯಲ್ಲಿ ಕಾಸಿಲ್ಲದೆ ಪೇಟೆ ನೋಡಿ ಬರುವ ವಿದ್ಯೆಯಲ್ಲಿ ಬಾಲ್ಯದಲ್ಲಿಯೇ ಪರಿಣತನಾಗಿದ್ದೆ. ಆ ಅಧಿಕಾರದಿಂದಲೇ ಮಾತನಾಡುತ್ತೇನೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಇಂದು ಬಾಗಲಕೋಟೆ ಜಿಲ್ಲೆಯ ಊರುಗಳು. 1997ರ ವರೆಗೆ ಇವೆಲ್ಲ ಬಿಜಾಪುರ ಜಿಲ್ಲೆಯಲ್ಲಿದ್ದವು. ಅದಕ್ಕೂ ಹಿಂದೆ, 1948ರಲ್ಲಿ ಸಂಸ್ಥಾನಗಳು ವಿಲೀನವಾಗುವ ತನಕ, ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿಗೆ ಸೇರಿದ್ದರೆ ಅದರ ಮಗ್ಗುಲಲ್ಲೇ ಇರುವ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯಲ್ಲಿ ಬ್ರಿಟಿಷರ ಆಡಳಿತ. ಉಂಡ ಊಟ ಕರಗುವುದರೊಳಗೆ ಇಬ್ಬರು ರಾಜರ ಪೇಟೆ ನೋಡಿ ಮನೆಗೆ ಬರುತ್ತಿದ್ದೆವು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ನಮ್ಮ ಕಾಲಕ್ಕೆ ರಾಜರಿರಲಿಲ್ಲ, ಪೇಟೆಗಳಿದ್ದವು.

ಈಗಿನಂಥ ಗಾಜಿನ ಮುಖದ ಅಂಗಡಿಗಳು ಆಗ ನಮ್ಮಲ್ಲಿ ವಿರಳ. ಅಂಗಡಿಯೆಂದರೆ ಬೀದಿಯಿಂದ ಎರಡು ಮೆಟ್ಟಿಲು ಎತ್ತರದ ಕಟ್ಟೆ. ಮರದ ಹಲಗೆಗಳನ್ನು ಒಂದೊಂದಾಗಿ ತೆಗೆದಿಟ್ಟರೆ ಬಾಗಿಲು ತೆರೆದಂತೆ. ಒಳಗೆ ಬಿಳಿಯ ಗಾದಿ, ಲೋಡು, ಲೋಡಿಗೆ ಒರಗಿದ ಸಾವಕಾರರು. ಚಪ್ಪಲಿ ಬಿಟ್ಟು ಮೇಲೆ ಹತ್ತಿದವನು ಗಿರಾಕಿ, ಕೆಳಗೆ ನಿಂತವನು ಬರಿಯ ನೋಡುವವನು. ಆ ಎರಡು ಮೆಟ್ಟಿಲುಗಳೇ ನಮ್ಮ ಪಾಲಿನ ಗಾಜು. ಜಮಖಂಡಿಯ ಪೇಟೆಯಲ್ಲಿ ನಿಜವಾದ ಗಾಜು ಕಂಡ ನೆನಪೆಂದರೆ ಗಡಿಯಾರ ರಿಪೇರಿಯವರ ಪೆಟ್ಟಿಗೆಯದು. ಅದರೊಳಗಿನ ಕೈಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಬಳೆಗಳ ಸಾಲು, ತಾಮ್ರದ ಕೊಡಗಳ ಹೊಳಪು, ಬೆಂಡು ಬತ್ತಾಸಿನ ರಾಶಿ ಇವೆಲ್ಲವೂ ನಮ್ಮವೇ, ನೋಡುವ ಮಟ್ಟಿಗೆ. ಮುಧೋಳದಲ್ಲಿ ಕಣ್ಣಿಗಿಂತ ಮೂಗಿಗೆ ಹಬ್ಬ. ಬೆಲ್ಲದ ಪೆಂಟೆಗಳ ಮುಂದೆ ಸುಮ್ಮನೆ ನಿಂತರೂ ಅರ್ಧ ಹೊಟ್ಟೆ ತುಂಬುತ್ತಿತ್ತು.

ಆದರೆ ನಮ್ಮೂರು ಬನಹಟ್ಟಿಯಲ್ಲಿ ಬಟ್ಟೆ ಅಂಗಡಿಯನ್ನು ನೋಡುವುದು ಕೇವಲ ಆಟವಾಗಿರಲಿಲ್ಲ. ನಮ್ಮದು ಮಗ್ಗದ ಮನೆ. ಸಾವಕಾರರು ನೂಲು ಕೊಡುವರು, ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವರು, ಅವ್ವ ಮತ್ತು ನಾವು ಕಂಡಿಕೆ ಸುತ್ತುವೆವು, ಸೀರೆಯ ಲೆಕ್ಕದಲ್ಲಿ ಕೂಲಿ. ನೇಯ್ದ ಸೀರೆ ಅಂಗಡಿಯ ಹಗ್ಗದ ಮೇಲೆ ತೂಗುತ್ತಲೇ ಉಳಿದರೆ ಸಾವಕಾರರು ಮುಂದಿನ ನೂಲು ಕೊಡಲು ಮೀನಮೇಷ ಎಣಿಸುವರು. ನೂಲಿಲ್ಲದಿದ್ದರೆ ಕೂಲಿಯಿಲ್ಲ. ಆದುದರಿಂದ ಶಾಲೆ ಬಿಟ್ಟು ಪೇಟೆಯ ಹಾದಿಯಲ್ಲಿ ಬಂದ ಕೂಡಲೇ ಅವ್ವನ ಮೊದಲ ಪ್ರಶ್ನೆ: “ಹಸರ ಮೈ, ಕೆಂಪ ದಡಿ ಸೀರಿ ಇನ್ನೂ ಅಲ್ಲೇ ಐತೇನೋ, ಹೋತೋ?”

“ಹೋತವಾ” ಎಂದರೆ ಅಂದು ಮನೆಯಲ್ಲಿ ಮಾತು ಹೆಚ್ಚು. “ಅಲ್ಲೇ ಐತಿ” ಎಂದರೆ ಅಪ್ಪ ಏನೂ ಆಡದೆ ಲಾಳಿಯ ಹಗ್ಗ ಜಗ್ಗುವರು. ಮದುವೆಗಳಿಲ್ಲದ ಆಷಾಢದಲ್ಲಿ ಈ ಎರಡನೆಯ ಉತ್ತರವನ್ನೇ ನಾನು ದಿನದಿನವೂ ಹೊತ್ತು ತರಬೇಕಾಗುತ್ತಿತ್ತು. ಬೇರೆ ಮಕ್ಕಳು ತಮಗೆ ಬೇಕಾದ ವಸ್ತು ಯಾರೂ ಕೊಳ್ಳದೆ ಅಂಗಡಿಯಲ್ಲೇ ಉಳಿಯಲಿ ಎಂದು ಆಶಿಸುವರು. ನಮ್ಮ ಓಣಿಯ ಮಕ್ಕಳ ಪ್ರಾರ್ಥನೆ ಅದಕ್ಕೆ ವಿರುದ್ಧ: ಚೆಲುವಾದದ್ದು ಬೇಗ ಕಣ್ಮರೆಯಾಗಲಿ.

ಮುಂದೆ 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪಿತವಾಯಿತು. ನಿಗಮದ ನೂಲು ಪಡೆದು ನೇಯುವ ಮನೆಗಳಿಗೆ ಸಾವಕಾರರ ಅಂಗಡಿಯನ್ನು ಕಾಯುವ ಸಂಕಟ ಕಡಿಮೆಯಾಯಿತು. 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಡುವ ಕಾಯಿದೆಯೂ ಬಂತು. ಆದರೂ ವಿದ್ಯುತ್ ಮಗ್ಗದ ಸದ್ದು ಓಣಿಯಿಂದ ಓಣಿಗೆ ಹಬ್ಬಿತು. ಈಗ ರಬಕವಿ-ಬನಹಟ್ಟಿಯ ಅಂಗಡಿಗಳಲ್ಲಿ ಗೊಂಬೆಗಳಿಗೆ ಸೀರೆ ಉಡಿಸಿ ಗಾಜಿನ ಹಿಂದೆ ನಿಲ್ಲಿಸುತ್ತಾರೆ. ಅಂದವಾಗಿಯೇ ಕಾಣುತ್ತದೆ. ಆದರೆ ಬೀದಿಯ ಆಚೆ ನಿಂತು “ಇದು ಇಂಥವರ ಮನೆಯದು” ಎಂದು ಗುರುತಿಸುವುದು ನನ್ನಿಂದ ಸಾಧ್ಯವಿಲ್ಲ.

ಹಾಗೆಂದು ಹೆಚ್ಚು ಹಲುಬಬಾರದು. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳನ್ನೂ, ಹಳೆಯ ಬಾಗಲಕೋಟೆ ಪೇಟೆಯ ಭಾಗವನ್ನೂ ನುಂಗಿದೆ. ಆ ಕಡೆಯವರು ತಾವು ಬಾಲ್ಯದಲ್ಲಿ ನಿಂತು ನೋಡಿದ ಅಂಗಡಿಯನ್ನು ತೋರಿಸಬೇಕಾದರೆ ನೀರಿನತ್ತ ಕೈಮಾಡಬೇಕು. ಅವರ ಮುಂದೆ ನಮ್ಮ ದುಃಖ ದೊಡ್ಡದಲ್ಲ.

ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಅಕ್ಕನ ಮದುವೆಯ ಜವಳಿಗಾಗಿ ಜಮಖಂಡಿಗೆ ಹೋದೆವು. ಅಂದು ಮೊದಲ ಬಾರಿಗೆ ನಾನು ಆ ಎರಡು ಮೆಟ್ಟಿಲು ಹತ್ತಿದ್ದು. ಅಂಗಡಿಯವರು ಸೀರೆಯ ಮೇಲೆ ಸೀರೆ ಬಿಚ್ಚಿ ಹಾಸಿದರು. ಅವ್ವ ಎಲ್ಲವನ್ನೂ ಬದಿಗೆ ಸರಿಸಿ, ರಾಶಿಯ ಅಡಿಯಲ್ಲಿ ದಡಿಯಷ್ಟೇ ಕಾಣುತ್ತಿದ್ದ ಒಂದನ್ನು ಎಳೆದುಕೊಂಡು ಅದರ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅದು ನಮ್ಮ ಮಗ್ಗದ್ದು.

“ತಗೋರಿ ಅಕ್ಕಾರ, ನೇಯ್ಗಿ ಭಾಳ ಗಟ್ಟಿ ಐತಿ” ಎಂದು ಅಂಗಡಿಯವರು ಹೊಗಳತೊಡಗಿದರು.

“ಗೊತ್ತೈತ್ರಿ” ಎಂದು ಅವ್ವ ಪೂರ್ತಿ ಬೆಲೆ ಎಣಿಸಿ ಕೊಟ್ಟಳು.