ಏಳುವ ಬಲ

ನಮ್ಮ ಕಡೆಯ ಮನೆಗಳಲ್ಲಿ ವಯಸ್ಸಾದ ಹೆಂಗಸೊಬ್ಬರ ಸೊಂಟ ಮುರಿದರೆ ಅಪವಾದವೆಲ್ಲ ಬಚ್ಚಲುಮನೆಯ ಕಲ್ಲಿನ ಮೇಲೆ. ಪಾಚಿ ಕಟ್ಟಿತ್ತು, ಜಾರಿದರು, ಮುರಿಯಿತು ಎನ್ನುತ್ತೇವೆ. ಅದೇ ಕಲ್ಲಿನ ಮೇಲೆ ಸೊಸೆಯೂ ಜಾರಿರುತ್ತಾಳೆ. ಅವಳ ಕಾಲು ತಟ್ಟನೆ ಮುಂದೆ ಬಂದು ಮೈಯನ್ನು ತಡೆದು ನಿಲ್ಲಿಸಿರುತ್ತದೆ. ಅತ್ತೆಯ ಕಾಲಿನ ಆ ತ್ರಾಣ ಎಂದೋ ಕುಂದಿರುತ್ತದೆ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಮೆಯಾಗಿ, ಮೂಳೆ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚುತ್ತದೆ. ಹೀಗೆ ಮೂಳೆ ಟೊಳ್ಳಾಗುವುದನ್ನು ವೈದ್ಯರು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಬಹುಮಟ್ಟಿಗೆ ಮುರಿಯುವ ತನಕ ಅದರ ಸುಳಿವೇ ಇರುವುದಿಲ್ಲ. ಸ್ನಾಯು ಮಾತ್ರ ಮುನ್ಸೂಚನೆ ಕೊಡುತ್ತದೆ: ಕಂಬ ಹಿಡಿಯದೆ ನೆಲದಿಂದ ಏಳಲಾಗದು, ಹೆಜ್ಜೆ ಕಿರಿದಾಗುತ್ತದೆ, ಹೊಸ್ತಿಲು ದಾಟಲು ಕೈ ಗೋಡೆಯನ್ನು ಹುಡುಕುತ್ತದೆ. 1991ರಲ್ಲಿ ಕೆನಡಾದ ತಜ್ಞರಿಬ್ಬರು ಸರಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಈಗ ಎಣಿಸುತ್ತಾರೆ.

ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಹಿಂದೆ ಹೆಂಗಸರು ರಾಗಿ ಬೀಸಿದರು, ಬಿಂದಿಗೆ ಹೊತ್ತರು, ಕುಕ್ಕರುಗಾಲಿನಲ್ಲಿ ಕೂತು ಎದ್ದರು. ಆ ದುಡಿಮೆಯನ್ನು ನಾನು ಹೊಗಳಲಾರೆ. ಅದು ಅನೇಕರ ಬೆನ್ನನ್ನು ಬಾಗಿಸಿದೆ. ಆದರೆ ಬೀಸುವ ಕಲ್ಲು ಮೂಲೆ ಸೇರಿದಾಗ ಕಾಲಿಗೆ ಬೇರೆ ಕೆಲಸವನ್ನು ನಾವು ಕೊಡಲಿಲ್ಲ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಸೂರಿನ ಕೆಳಗೆ ದಿನ ಕಳೆಯುವವಳಿಗೆ ಬಿಸಿಲೂ ದುರ್ಲಭ. ವಿಟಮಿನ್ ಡಿ ಕೊರತೆಯಾದರೆ ಮೂಳೆ, ಸ್ನಾಯು ಎರಡೂ ಸೊರಗುತ್ತವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ನಿಜ. ಆದರೆ ಮುದ್ದೆಯೊಂದೇ ಕಾಲಿಗೆ ಬಲ ತಾರದು.

ಇಲ್ಲಿ ನಮ್ಮ ಅಕ್ಕರೆಯೇ ಅಡ್ಡಿಯಾಗುತ್ತದೆ. ಒಮ್ಮೆ ಬಿದ್ದವರಿಗೆ ಮನೆಮಂದಿಯೆಲ್ಲ ಹೇಳುವುದು ಒಂದೇ ಮಾತು: “ನೀನು ಏಳಬೇಡಮ್ಮ, ಕೂತಿರು.” ಕೂತಷ್ಟೂ ತೊಡೆ ಬಡವಾಗುತ್ತದೆ, ಭಯ ಬೆಳೆಯುತ್ತದೆ, ಮತ್ತೆ ಬೀಳುವ ದಿನ ಹತ್ತಿರವಾಗುತ್ತದೆ. ವಯಸ್ಸಾಯಿತು, ಇನ್ನೇನು ಎನ್ನುವಂತಿಲ್ಲ. ಬಾಸ್ಟನ್ನಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೊಂಬತ್ತರ ಆಸುಪಾಸಿನ ವೃದ್ಧರು 8 ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿದರು. ಅವರ ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟನ್ನು ಮೀರಿತು.

ವೈದ್ಯರನ್ನು ಕೇಳಿ, ಗಟ್ಟಿ ಕುರ್ಚಿಯಿಂದ ದಿನವೂ ಕೆಲವು ಬಾರಿ ಎದ್ದು ಕೂರುವುದು, ಅಂಗಳದಲ್ಲಿ ನಡೆಯುವುದು ಆರಂಭಕ್ಕೆ ಸಾಕು. ಬೆನ್ನು ಬಗ್ಗಿಸಿ ಭಾರ ಎತ್ತುವುದು ಬೇಡ. ಬಚ್ಚಲಿಗೊಂದು ಹಿಡಿಕೆ, ರಾತ್ರಿಗೊಂದು ದೀಪ ಇರಲಿ. ಇನ್ನು, ತಾಯಿಯನ್ನು ತೋಳು ಹಿಡಿದು ಎಬ್ಬಿಸಲು ಧಾವಿಸುವ ಮಗ, ಅವರು ತಾವಾಗಿ ಏಳುವವರೆಗೆ ಪಕ್ಕದಲ್ಲಿ ಒಂದು ಗಳಿಗೆ ಕಾದು ನಿಲ್ಲಲಿ.